ಹೂವಿನ ಎಣ್ಣೆ, ಹೆಂಗಸರ ಆರೈಕೆ: ಸೀಸೆಯಲ್ಲಿ ಏನಿದೆ, ಹಚ್ಚುವುದು ಎಲ್ಲಿಗೆ
(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಗುಲಾಬಿ, ಮಲ್ಲಿಗೆ, ಲ್ಯಾವೆಂಡರ್ ಹೆಸರಿನ ಹತ್ತು ಮಿಲಿಲೀಟರಿನ ಸೀಸೆಗಳು ಈಗ ಮೆಡಿಕಲ್ ಶಾಪಿನಲ್ಲೂ ಆನ್‌ಲೈನಿನಲ್ಲೂ ಧಾರಾಳವಾಗಿ ಸಿಗುತ್ತವೆ. ಅವುಗಳ ಜೊತೆಗೊಂದು ಮಾತೂ ಬರುತ್ತದೆ: ಇದು ಅಜ್ಜಿಯರ ಕಾಲದ್ದು, ಬಿಳಿ ಸೆರಗು, ತುರಿಕೆ, ಹೆರಿಗೆಯ ಹೊಲಿಗೆ ನೋವು, ಎಲ್ಲಕ್ಕೂ ಎರಡು ಹನಿ ಸಾಕು ಅಂತ. ಹೂವನ್ನು ಹೆಂಗಸರ ಆರೈಕೆಗೆ ಬಳಸುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಬಳಸಿದ್ದು ಬೇರೆ ವಸ್ತು, ಈ ಸೀಸೆಯಲ್ಲಿರುವುದು ಬೇರೆ ವಸ್ತು. ಇವತ್ತು ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇಷ್ಟೇ. ಮಿಕ್ಕ ಕಾಲು ಪಾಲು ಯಾವುದನ್ನು ಎಲ್ಲಿಗೆ, ಎಷ್ಟು ಹಚ್ಚಬೇಕು ಎಂಬ ಲೆಕ್ಕ.

ಹೂವಿನ ಎಣ್ಣೆ ಅಂತ ನಾವು ಕರೆಯುವುದರಲ್ಲಿ ಕನಿಷ್ಠ ನಾಲ್ಕು ಬಗೆಯಿದೆ. ಮೊದಲನೆಯದು ಹಬೆಯಲ್ಲಿ ಬಟ್ಟಿ ಇಳಿಸಿ ತೆಗೆದ ಸಾರತೈಲ, ಅಂದರೆ ಎಸೆನ್ಷಿಯಲ್ ಆಯಿಲ್. ಗುಲಾಬಿಯಲ್ಲಿ ಇದು ಒಂದು ಕಿಲೋ ಬೇಕಾದರೆ ಮೂರರಿಂದ ನಾಲ್ಕು ಸಾವಿರ ಕಿಲೋ ಹೂವು ಬೇಕು. ಹತ್ತು ಮಿಲಿಲೀಟರಿನ ಒಂದು ಸೀಸೆಗೆ ಹೆಚ್ಚುಕಡಿಮೆ ಮೂವತ್ತು ಕಿಲೋ ಹೂವು ಅಂತ ಲೆಕ್ಕ ಹಾಕಿ, ಆಮೇಲೆ ಇನ್ನೂರು ರೂಪಾಯಿಯ 'ಶುದ್ಧ ರೋಸ್ ಆಯಿಲ್' ಕೈಗೆತ್ತಿಕೊಳ್ಳಿ. ಅಸಲಿ ಗುಲಾಬಿ ಸಾರ ಫ್ರಿಜ್ಜಿನಲ್ಲಿಟ್ಟರೆ ಹರಳುಗಟ್ಟುತ್ತದೆ, ಕೈಬಿಸಿಗೆ ಮತ್ತೆ ಕರಗುತ್ತದೆ. ಹರಳುಗಟ್ಟದಿದ್ದರೆ ಅನುಮಾನ ಪಡಿ. ಹರಳುಗಟ್ಟಿತು ಅಂದಮಾತ್ರಕ್ಕೆ ನಂಬಿಬಿಡುವಂತೆಯೂ ಇಲ್ಲ, ಮೇಣ ಬೆರೆಸಿ ಆ ಆಟ ಆಡುವವರಿದ್ದಾರೆ.

ಎರಡನೆಯದು ಅಬ್ಸೊಲ್ಯೂಟ್. ಮಲ್ಲಿಗೆ ಹಬೆಯ ಬಿಸಿ ತಡೆಯುವುದಿಲ್ಲ, ಪರಿಮಳ ಸುಟ್ಟಂತಾಗುತ್ತದೆ. ಹಾಗಾಗಿ ಹೆಕ್ಸೇನಿನಂಥ ದ್ರಾವಕದಲ್ಲಿ ಹೂವನ್ನು ನೆನೆಸಿ ಸಾರ ಎಳೆಯುತ್ತಾರೆ. 'ಹಬೆಯಲ್ಲಿ ಇಳಿಸಿದ ಮಲ್ಲಿಗೆ ಎಸೆನ್ಷಿಯಲ್ ಆಯಿಲ್' ಎಂದು ಲೇಬಲ್ಲಿನಲ್ಲಿ ಕಂಡರೆ ಆ ಸೀಸೆಯನ್ನು ಅಲ್ಲೇ ಇಟ್ಟು ಬನ್ನಿ. ಮೂರನೆಯದು ಅತ್ತರು. ಉತ್ತರ ಪ್ರದೇಶದ ಕನೌಜಿನಲ್ಲಿ ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಬಿದಿರಿನ ಕೊಳವೆಯಲ್ಲಿ ಹಬೆ ಹಾಯಿಸಿ, ಗಂಧದೆಣ್ಣೆ ತುಂಬಿದ ಭಪ್ಕಾ ಎಂಬ ಪಾತ್ರೆಯಲ್ಲಿ ಅದನ್ನು ಹಿಡಿಯುವುದು ಹಳೆಯ ಪದ್ಧತಿ. ಗಂಧದೆಣ್ಣೆಯ ಬೆಲೆ ಏರಿದ ಮೇಲೆ ಅದರ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂತು, ಪ್ಲಾಸ್ಟಿಕ್ ಮೆದುಗೊಳಿಸಲು ಬಳಸುವ ಡಿಒಪಿ ಕೂಡ ಬಂತು. ಅತ್ತರು ಬಟ್ಟೆಗೆ, ಹೆಚ್ಚೆಂದರೆ ಮಣಿಕಟ್ಟಿಗೆ. ಒಳ ಉಡುಪಿಗೆ ಬೇಡವೇ ಬೇಡ.

ನಾಲ್ಕನೆಯದೇ ನಮ್ಮ ಪರಂಪರೆಯ ಹೂವಿನ ಎಣ್ಣೆ: ಎಳ್ಳೆಣ್ಣೆಗೆ ಹೂವಿನ ಗುಣವನ್ನೋ ಪರಿಮಳವನ್ನೋ ಹತ್ತಿಸಿದ್ದು. ಇದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಬರೀ ಎಳ್ಳೆಣ್ಣೆ.

ಆಯುರ್ವೇದದಿಂದ ಒಂದು ಉದಾಹರಣೆ ಬಿಡಿಸಿ ನೋಡೋಣ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಯೋನಿರೋಗಗಳ ವಿವರವಿದೆ, ಅಲ್ಲೇ ಧಾತಕ್ಯಾದಿ ತೈಲ ಬರುತ್ತದೆ. ಹೆಸರೇ ಧಾತಕಿ ಹೂವಿನದು. ನೆಲ್ಲಿಯ ಎಲೆ, ಸ್ರೋತೋಂಜನ ಎಂಬ ಖನಿಜ, ಅತಿಮಧುರ, ನೈದಿಲೆ, ನೇರಳೆ ಮತ್ತು ಮಾವಿನ ಓಟೆಯೊಳಗಿನ ತಿರುಳು, ಅನ್ನಭೇದಿ, ಲೋಧ್ರ, ಕಟ್ಫಲ, ತಿಂದುಕ ಎಂಬ ಮರಗಳ ಭಾಗಗಳು, ಸ್ಫಟಿಕ (ಆಲಂ), ದಾಳಿಂಬೆ ಸಿಪ್ಪೆ, ಎಳೆ ಅತ್ತಿಕಾಯಿ, ಇಷ್ಟೂ ಒಂದೊಂದು ಅಕ್ಷದಷ್ಟು, ಅಂದರೆ ಸುಮಾರು ಹನ್ನೆರಡು ಗ್ರಾಂ. ಎಣ್ಣೆ ಹಳೆಯ ಅಳತೆಯಲ್ಲಿ ಒಂದು ಪ್ರಸ್ಥ. ಅದಕ್ಕೆ ಇಮ್ಮಡಿ ಆಡಿನ ಮೂತ್ರ ಮತ್ತು ಹಾಲು. ಇದೆಲ್ಲ ನೀರು ಇಂಗುವ ತನಕ ಕುದಿಯಬೇಕು.

ಈ ಪಟ್ಟಿಯಲ್ಲಿ ಎರಡು ಸಂಗತಿ ಗಮನಿಸಿ. ಧಾತಕಿ, ದಾಳಿಂಬೆ ಸಿಪ್ಪೆ, ಲೋಧ್ರ, ಅತ್ತಿ, ಸ್ಫಟಿಕ ಎಲ್ಲವೂ ಒಗರು. ಧಾತಕಿ ಹೂವು ಇಲ್ಲಿಗೆ ಬಂದಿರುವುದು ಒಗರು ಕೊಡುವ ಟ್ಯಾನಿನ್ ಎಂಬ ಅಂಶಕ್ಕಾಗಿ, ಸ್ರಾವ ತಡೆಯುವುದಕ್ಕಾಗಿ. ಇನ್ನೊಂದು, ಗಂಟೆಗಟ್ಟಲೆ ತೆರೆದ ಪಾತ್ರೆಯಲ್ಲಿ ಕುದಿದ ಮೇಲೆ ಹೂವಿನ ಹಾರಿಹೋಗುವ ಪರಿಮಳದಲ್ಲಿ ಉಳಿಯುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಈಗಿನ ಸೀಸೆಯಲ್ಲಿ ಯಾವುದನ್ನು ಹಿಡಿದು ಮಾರುತ್ತಾರೋ ಅದನ್ನು ವೈದ್ಯರು ಹಬೆಯಲ್ಲಿ ಹೋಗಲು ಬಿಟ್ಟಿದ್ದರು. 'ಚರಕನೇ ಹೇಳಿದ್ದಾನೆ' ಎಂದು ಸಾರತೈಲ ಮಾರುವವರಿಗೆ ಇದನ್ನು ಧಾರಾಳವಾಗಿ ತೋರಿಸಬಹುದು.

ಪಾಕ ನೋಡುವ ಬಗೆಯೂ ತಿಳಿದಿರಲಿ, ಕೊಂಡು ತಂದ ಎಣ್ಣೆಯ ತಪ್ಪು ಹಿಡಿಯಲಿಕ್ಕಾದರೂ. ತಳದ ಕಲ್ಕವನ್ನು, ಅಂದರೆ ಅರೆದು ಹಾಕಿದ ಮದ್ದಿನ ಮುದ್ದೆಯನ್ನು, ಬೆರಳ ನಡುವೆ ಹೊಸೆದರೆ ಬತ್ತಿಯಾಗಬೇಕು. ಅದನ್ನು ದೀಪಕ್ಕೆ ಹಿಡಿದರೆ ಚಟಪಟ ಸದ್ದಾಗಬಾರದು, ಸದ್ದಾದರೆ ನೀರು ಉಳಿದಿದೆ. ಎಣ್ಣೆಯ ಮೇಲೆ ನೊರೆ ಏಳಬೇಕು (ತುಪ್ಪವಾದರೆ ನೊರೆ ಇಳಿಯಬೇಕು). ನೀರು ಉಳಿದ ಎಣ್ಣೆ ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿಯುತ್ತದೆ. ಅದನ್ನು ಮೃದುವಾದ ಜಾಗಕ್ಕೆ ಹಚ್ಚಿದರೆ ಇಲ್ಲದ ಸೋಂಕು ಬರುತ್ತದೆ.

ಈ ತೈಲವನ್ನು ಪಿಚುವಾಗಿ, ಅಂದರೆ ಎಣ್ಣೆಯಲ್ಲಿ ನೆನೆಸಿದ ಅರಳೆಯಾಗಿ ಒಳಗಿಡುವುದೂ, ಸೊಂಟ, ಬೆನ್ನು, ತ್ರಿಕಕ್ಕೆ (ಬೆನ್ನುಮೂಳೆಯ ಬುಡಕ್ಕೆ) ತಿಕ್ಕುವುದೂ ಗ್ರಂಥದಲ್ಲಿದೆ. ಪಿಚು ಮನೆಯಲ್ಲಿ ಮಾಡುವ ಕೆಲಸವಲ್ಲ. ಅರಳೆ ಶುದ್ಧೀಕರಿಸಿದ್ದಿರಬೇಕು, ದಾರ ಕಟ್ಟಿರಬೇಕು, ಇಟ್ಟವರೇ ಕೆಲವು ಗಂಟೆಗಳಲ್ಲಿ ತೆಗೆಯಬೇಕು. ಒಳಗೆ ಉಳಿದುಹೋದ ಅರಳೆಯ ಚೂರು ವಾರದೊಳಗೆ ಕೊಳೆತ ವಾಸನೆಯ ಸ್ರಾವಕ್ಕೆ ಕಾರಣವಾಗುತ್ತದೆ. ಸೊಂಟಕ್ಕೆ ತಿಕ್ಕುವುದಕ್ಕೆ ಅಡ್ಡಿಯಿಲ್ಲ.

ಯುನಾನಿಯಲ್ಲೂ ಇದೇ ಕಥೆ. ರೋಗನ್-ಎ-ಗುಲ್ ಎಂದರೆ ಗುಲಾಬಿ ದಳವನ್ನು ಎಳ್ಳೆಣ್ಣೆಯಲ್ಲಿ ನೆನೆಸಿ ಇಳಿಸಿದ್ದು, ಬಟ್ಟಿ ಇಳಿಸಿದ ಗುಲಾಬಿ ಸಾರವಲ್ಲ. ಒಳಗಿಡುವ ಔಷಧಕ್ಕೆ ಹಮೂಲ್, ಔಷಧದ ನೀರಿನಲ್ಲಿ ಸೊಂಟದವರೆಗೆ ಕೂರುವುದಕ್ಕೆ ಆಬ್ಜನ್ ಎನ್ನುತ್ತಾರೆ. ಈ ಪದ್ಧತಿಯಲ್ಲಿ ನಂಬಿಕೆ ಇರುವವರು ಯಾರದೋ ವಿಡಿಯೊ ನೋಡಿ ಮಾಡುವ ಬದಲು ಬೆಂಗಳೂರಿನ ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಗೆ ಹೋಗಲಿ, ಅಲ್ಲಿ ಸ್ತ್ರೀರೋಗಕ್ಕೇ ಒಂದು ವಿಭಾಗವಿದೆ.

ಇನ್ನು ಮಲ್ಲಿಗೆ. ಮಗು ಉಳಿಯದ ತಾಯಿಯ ಎದೆಹಾಲು ನಿಲ್ಲಿಸಲು ಮಲ್ಲಿಗೆ ಹೂವು ಕಟ್ಟುವ ಪದ್ಧತಿ ದಕ್ಷಿಣ ಭಾರತದಲ್ಲಿ ಹಳೆಯದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಇದನ್ನೇ ಪರೀಕ್ಷೆ ಮಾಡಿ 1988ರಲ್ಲಿ ಪ್ರಕಟಿಸಿದರು. ಕಟ್ಟಿದ ಮಲ್ಲಿಗೆ ಐವತ್ತು ಸೆಂಟಿಮೀಟರ್ ಒಂದೊಂದು ಮೊಲೆಗೆ ಅಂಟಿಸಿ, ದಿನಕ್ಕೊಮ್ಮೆ ಹೊಸ ಹೂವು ಹಾಕಿ, ಐದು ದಿನ. ಇನ್ನೊಂದು ಗುಂಪಿಗೆ ಹಾಲು ನಿಲ್ಲಿಸುವ ಬ್ರೋಮೋಕ್ರಿಪ್ಟಿನ್ ಮಾತ್ರೆ. ಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಎರಡು ಗುಂಪಿನಲ್ಲೂ ಇಳಿಯಿತು, ಮಾತ್ರೆಯವರಲ್ಲಿ ಹೆಚ್ಚು. ಹಾಲು ಕಡಿಮೆಯಾಗುವುದರಲ್ಲಿ, ಎದೆ ಕಟ್ಟಿಕೊಳ್ಳುವುದರಲ್ಲಿ ಎರಡೂ ಸರಿಸಾಟಿ. ಅರವತ್ತು ಜನರ ಸಣ್ಣ ಪರೀಕ್ಷೆ ಇದು, ಆದರೂ ಅಜ್ಜಿಯರ ಮಾತಿಗೆ ಬೆಲೆ ತಂದದ್ದು. ಹಾಲೂಡುವ ತಾಯಿ ಮಲ್ಲಿಗೆಯನ್ನು ಎದೆಗೆ ಕಟ್ಟಬಾರದು ಎಂಬುದು ಇದರಿಂದ ಗೊತ್ತಾಗುತ್ತದೆ. ತುರುಬಿಗೆ ಮುಡಿಯುವ ವಿಚಾರ ಅಲ್ಲಿ ಪರೀಕ್ಷೆಗೆ ಬಂದದ್ದಲ್ಲ. ಮುಡಿದುಕೊಂಡವರನ್ನು ಯಾರೂ ಬಯ್ಯಬೇಕಾಗಿಲ್ಲ. ಪರೀಕ್ಷೆಗೆ ಬಂದದ್ದು ಹೂವು, ಸೀಸೆಯ ಅಬ್ಸೊಲ್ಯೂಟ್ ಅಲ್ಲ ಎನ್ನುವುದನ್ನೂ ಮರೆಯಬೇಡಿ.

ಮಲ್ಲಿಗೆ ಎಣ್ಣೆ ಮನೆಯಲ್ಲೇ ಮಾಡಬಹುದು. ಹಳೆಯ ವಿಧಾನದಲ್ಲಿ ತೊಳೆದು ಸಿಪ್ಪೆ ತೆಗೆದ ಎಳ್ಳನ್ನೂ ಹೂವನ್ನೂ ಒಂದರ ಮೇಲೊಂದು ಪದರವಾಗಿ ಹರಡಿ, ರಾತ್ರಿಯಿಡೀ ಬಿಟ್ಟು, ಬಾಡಿದ ಹೂವನ್ನು ಜರಡಿಯಾಡಿ, ಮತ್ತೆ ಹೊಸ ಹೂವು ಹಾಕಿ, ಹೀಗೆ ಹಲವು ಸಲ ಮಾಡಿ ಕೊನೆಗೆ ಆ ಎಳ್ಳನ್ನು ಗಾಣಕ್ಕೆ ಹಾಕುತ್ತಿದ್ದರು. ಕಿತ್ತ ಮೇಲೂ ಮಲ್ಲಿಗೆ ಗಂಟೆಗಟ್ಟಲೆ ಪರಿಮಳ ಬಿಡುತ್ತಲೇ ಇರುತ್ತದೆ, ಎಳ್ಳಿನ ಜಿಡ್ಡು ಅದನ್ನು ಹೀರಿಕೊಳ್ಳುತ್ತದೆ. ಗಾಣಕ್ಕೆ ಕಿಲೋಗಟ್ಟಲೆ ಎಳ್ಳು ಬೇಕಾದ್ದರಿಂದ ಮನೆಮಟ್ಟಿಗೆ ಹೀಗೆ ಮಾಡಿ: ಗಾಣದ ಎಳ್ಳೆಣ್ಣೆ ಇನ್ನೂರು ಮಿಲಿಲೀಟರ್, ಸಂಜೆ ಬಿಡಿಸಿದ ಬಿರಿಯದ ಮೊಗ್ಗು ನಲವತ್ತು ಗ್ರಾಂ. ಮೊಗ್ಗಿಗೆ ನೀರು ಚಿಮುಕಿಸಿರಬಾರದು. ಮಾರುಕಟ್ಟೆಯ ಹೂವಿಗೆ ಚಿಮುಕಿಸಿಯೇ ಇರುತ್ತಾರೆ, ಹಾಗಾಗಿ ಗಿಡದ್ದೇ ಆಗಬೇಕು. ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ ಮೊಗ್ಗು ಎಣ್ಣೆಯಲ್ಲಿ ಪೂರಾ ಮುಳುಗಿರಲಿ, ಬಾಯಿಗೆ ಬಟ್ಟೆ ಕಟ್ಟಿ. ಬೆಳಿಗ್ಗೆ ಸೋಸಿ, ಹೂವನ್ನು ಹಿಂಡಬೇಡಿ, ಹಿಂಡಿದರೆ ಅದರ ನೀರು ಎಣ್ಣೆಗೆ ಇಳಿಯುತ್ತದೆ. ಸಂಜೆ ಹೊಸ ಮೊಗ್ಗು. ಐದಾರು ರಾತ್ರಿ ಹೀಗೆ ಮಾಡಿದರೆ ಪರಿಮಳ ಹತ್ತುತ್ತದೆ. ಆಮೇಲೆ ಎರಡು ದಿನ ಅಲುಗಾಡಿಸದೆ ಇಟ್ಟು, ತಳದ ಮೋಡ ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳಿ. ಕೆಡುವುದು ಎರಡೇ ಕಾರಣಕ್ಕೆ, ಒಂದು ಒದ್ದೆ ಹೂವು, ಇನ್ನೊಂದು ಹೂವನ್ನು ಒಂದು ದಿನಕ್ಕಿಂತ ಹೆಚ್ಚು ಬಿಡುವುದು. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಇದು ಕಿಬ್ಬೊಟ್ಟೆಗೆ, ಸೊಂಟಕ್ಕೆ, ತೊಡೆಗೆ, ತಲೆಗೆ ಹಚ್ಚುವ ಎಣ್ಣೆ.

ಗುಲಾಬಿಯಲ್ಲಿ ಹೆಂಗಸರ ಕೈಗೆ ನಿಜವಾಗಿ ಬಂದದ್ದು ಪನ್ನೀರು. ಹಬೆ ತಣಿದಾಗ ಫೀನೈಲ್ ಈಥೈಲ್ ಆಲ್ಕೊಹಾಲ್ ಎಂಬ ಅಂಶ ನೀರಿನಲ್ಲಿ ಕರಗಿಬಿಡುತ್ತದೆ, ಗುಲಾಬಿಯ ಗುರುತಿನ ವಾಸನೆ ಅದರದ್ದೇ ಬಹುಪಾಲು. ಇರಾನಿನ ಕಾಶಾನ್ ಸೀಮೆಯಲ್ಲಿ ಮೇ ತಿಂಗಳ ಗುಲಾಬಿ ಸುಗ್ಗಿಯಲ್ಲಿ ಇಳಿಸುವುದೂ ಮುಖ್ಯವಾಗಿ ಈ ನೀರನ್ನೇ. ಮನೆಯಲ್ಲಿ ಇಳಿಸುವುದಾದರೆ ಪನ್ನೀರು ಗುಲಾಬಿಯ ದಳ ಕಾಲು ಕಿಲೋ, ನೀರು ಒಂದು ಲೀಟರ್, ಮೊದಲು ಬರುವ ಮುನ್ನೂರು ಮಿಲಿಲೀಟರ್ ಸಾಕು, ಆಮೇಲಿನದಕ್ಕೆ ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ. ಬೊಕೆ ಗುಲಾಬಿ ಬೇಡ, ಅದಕ್ಕೆ ಹೊಡೆದ ಕೀಟನಾಶಕ ತಿನ್ನುವ ಬೆಳೆಯ ಮಿತಿಗೆ ಒಳಪಟ್ಟದ್ದಲ್ಲ. ಕುದಿಸಿ ಆರಿಸಿದ ಸೀಸೆಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡಿ, ಎರಡು ವಾರದೊಳಗೆ ಮುಗಿಸಿ. ಬೆವರು, ಉಜ್ಜಿದ ಉರಿ ಇರುವ ತೊಡೆಸಂದಿಗೆ ಬಟ್ಟೆಯಲ್ಲಿ ಅದ್ದಿ ಒತ್ತಿಕೊಳ್ಳಬಹುದು. ಯೋನಿಯೊಳಗೆ ಪನ್ನೀರೂ ಹೋಗಕೂಡದು.

ಯಾಕೆ ಹೋಗಕೂಡದು? ಆರೋಗ್ಯವಾಗಿರುವ, ಮುಟ್ಟಾಗುವ ವಯಸ್ಸಿನ ಹೆಂಗಸಿನ ಯೋನಿಯ ಪಿಎಚ್, ಅಂದರೆ ಹುಳಿಯ ಅಳತೆ, 3.8ರಿಂದ 4.5ರ ಆಸುಪಾಸು. ಈಸ್ಟ್ರೋಜೆನ್ ಎಂಬ ಹೆಣ್ಣಿನ ಹಾರ್ಮೋನ್ ಇರುವ ತನಕ ಒಳಪದರದಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟದಂಥ ವಸ್ತು ಇರುತ್ತದೆ. ಅದರಿಂದ ಬರುವ ಸಕ್ಕರೆಯನ್ನು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಹುಳಿಯಾಗಿಸುತ್ತವೆ, ಆ ಹುಳಿಯೇ ಬೇರೆ ಸೂಕ್ಷ್ಮಜೀವಿಗಳಿಗೆ ತಡೆ. ಒಳಗೆ ನೀರು ಹಾಯಿಸಿ ತೊಳೆದರೆ, ಅದು ಎಂಥ ನೀರೇ ಆಗಲಿ, ಈ ಏರ್ಪಾಡು ಕದಡುತ್ತದೆ. ಹಾಗೆ ತೊಳೆದುಕೊಳ್ಳುವವರಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ಸೂ (ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿ ಬರುವ ಯೋನಿಯ ತೊಂದರೆ) ಗರ್ಭಕೋಶ, ನಾಳಗಳ ಸೋಂಕೂ ಹೆಚ್ಚು ಕಂಡುಬರುತ್ತವೆ. ಲ್ಯಾವೆಂಡರ್ ಸಾರ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾಂಡಿಡಾ ಶಿಲೀಂಧ್ರವನ್ನು ಕೊಲ್ಲುತ್ತದೆ, ಹೌದು. ತಟ್ಟೆಗೆ ಉರಿಯುವುದಿಲ್ಲ. ಅಲ್ಲಿ ಕಾಯಬೇಕಾದ ಒಳ್ಳೆಯ ಬ್ಯಾಕ್ಟೀರಿಯಾವೂ ಇಲ್ಲ.

ಕೈಯ ಚರ್ಮದ ಮೇಲಿರುವ ಒಣ ಗಟ್ಟಿ ಪದರ ಈ ಜಾಗದ ಒಳಮೈಗೆ ಇಲ್ಲ, ಹಚ್ಚಿದ್ದು ಬೇಗ ಹೀರಿಹೋಗುತ್ತದೆ. ಹೂವಿನ ಸಾರಗಳಲ್ಲಿರುವ ಲಿನಾಲೂಲ್, ಜೆರಾನಿಯಾಲ್, ಸಿಟ್ರೊನೆಲಾಲ್ ಗಾಳಿಗೆ ತೆರೆದುಕೊಂಡಷ್ಟೂ ಅಲರ್ಜಿ ತರುವ ರೂಪಕ್ಕೆ ಬದಲಾಗುತ್ತವೆ. ಐರೋಪ್ಯ ಒಕ್ಕೂಟದಲ್ಲಿ ಇವು ಹಚ್ಚಿ ಬಿಡುವ ಕ್ರೀಮಿನಲ್ಲಿ 0.001 ಶೇಕಡಾ ಮೀರಿದರೂ ಹೆಸರು ಹಾಕಲೇಬೇಕು. ಸೀಸೆ ತೆರೆದು ವರ್ಷವಾದ ಲ್ಯಾವೆಂಡರ್ ಎಣ್ಣೆಯನ್ನು ಮೈಗೆ ಹಚ್ಚುವುದನ್ನೇ ಬಿಡಿ. ಲವಂಗವೂ ಹೂಮೊಗ್ಗೇ, ಅದರ ಎಣ್ಣೆಯಲ್ಲಿ ಮುಕ್ಕಾಲು ಪಾಲು ಯೂಜಿನಾಲ್, ಮೃದು ಜಾಗಕ್ಕೆ ತಾಗಿದರೆ ಸುಟ್ಟ ಗಾಯವೇ ಆಗುತ್ತದೆ. ಈಚೆಗೆ ಪ್ಯಾಡಿನ ಮೇಲೆ ಎರಡು ಹನಿ ಸಾರ ಬಿಡುವ ಅಭ್ಯಾಸ ಶುರುವಾಗಿದೆ. ನೀರು ಬೆರೆಸದ, ಎಣ್ಣೆ ಬೆರೆಸದ ಸಾರವನ್ನು ಬೆಚ್ಚಗಿನ, ತೇವದ, ಗಾಳಿಯಾಡದ ಜಾಗಕ್ಕೆ ಗಂಟೆಗಟ್ಟಲೆ ಒತ್ತಿಟ್ಟಂತೆ ಅದು.

ಲ್ಯಾವೆಂಡರ್ ನಮ್ಮ ನೆಲದ್ದಲ್ಲ. ಹೆರಿಗೆಯಾದ ಮೇಲೆ ಸ್ನಾನದ ನೀರಿಗೆ ಅದನ್ನು ಹಾಕುವುದು ಇಂಗ್ಲೆಂಡಿನ ದಾದಿಯರ ರೂಢಿ. ಅಲ್ಲಿಯೇ 635 ಬಾಣಂತಿಯರ ಮೇಲೆ ನಡೆದ ಪರೀಕ್ಷೆ 1994ರಲ್ಲಿ ಪ್ರಕಟವಾಯಿತು. ಅಸಲಿ ಲ್ಯಾವೆಂಡರ್, ಕೃತಕ ಲ್ಯಾವೆಂಡರ್, ಲ್ಯಾವೆಂಡರ್ ಅಲ್ಲದ ಬರೀ ವಾಸನೆಯ ಪದಾರ್ಥ ಅಂತ ಮೂರು ಗುಂಪು, ಹತ್ತು ದಿನ. ಮೂರನೆಯಿಂದ ಐದನೆಯ ದಿನದ ನಡುವೆ ಅಸಲಿ ಲ್ಯಾವೆಂಡರಿನವರ ನೋವಿನ ಅಂಕ ಸ್ವಲ್ಪ ಕಡಿಮೆ ಇತ್ತು, ಆದರೆ ಲೆಕ್ಕಶಾಸ್ತ್ರ ಒಪ್ಪುವಷ್ಟು ವ್ಯತ್ಯಾಸವಿರಲಿಲ್ಲ. ಬೆಚ್ಚಗಿನ ನೀರಿನಲ್ಲಿ ಕೂತದ್ದೇ ಬಹುಪಾಲು ಕೆಲಸ ಮಾಡಿತು ಅಂತ ನಮ್ಮ ಓದು.

ಹಾಗಾಗಿ ಕಟಿಸ್ನಾನವನ್ನು, ಅಂದರೆ ಬೆಚ್ಚಗಿನ ನೀರಿನಲ್ಲಿ ಸೊಂಟದವರೆಗೆ ಕೂರುವುದನ್ನು, ಸರಿಯಾಗಿ ಮಾಡೋಣ. ಹೊಲಿಗೆ ಹಾಕಿದ ಮೊದಲ ದಿನ ತಣ್ಣನೆಯ ಒತ್ತು, ಮರುದಿನದಿಂದ ವೈದ್ಯರು ಒಪ್ಪಿದರೆ ಸ್ನಾನ. ತೊಳೆದು ಒಣಗಿಸಿದ, ಬೇರೆ ಯಾವುದಕ್ಕೂ ಬಳಸದ ಅಗಲ ಟಬ್ಬು. ಹತ್ತು ಲೀಟರ್ ನೀರು, 37ರಿಂದ 40 ಡಿಗ್ರಿ. ಮೊಣಕೈ ಅದ್ದಿದರೆ ಹಿತವಾಗಿರಬೇಕು. ಹತ್ತರಿಂದ ಹದಿನೈದು ನಿಮಿಷ, ದಿನಕ್ಕೆ ಎರಡು ಸಲ. ಎದ್ದ ಮೇಲೆ ಒತ್ತಿ ಒರೆಸಿ, ಉಜ್ಜಬೇಡಿ. ಹೊಲಿಗೆ ತೇವವಾಗಿ ಉಳಿದರೆ ಬಿಡುತ್ತದೆ. ಬಾಣಂತಿ ತಲೆಸುತ್ತಿ ಬೀಳಬಹುದು, ಒಬ್ಬರು ಹತ್ತಿರವಿರಲಿ.

ಈ ನೀರಿಗೆ ಸಾರತೈಲದ ಹನಿ ನೇರವಾಗಿ ಹಾಕುವುದು ಎಲ್ಲೆಡೆ ಕಾಣುವ ತಪ್ಪು. ಎಣ್ಣೆ ನೀರಿನಲ್ಲಿ ಕರಗದೆ ತೇಲುತ್ತದೆ, ಕೂರುವಾಗ ಮೊದಲು ತಾಗುವುದೇ ಆ ತೇಲುವ ಹನಿ, ಅದೂ ಗಾಯಕ್ಕೆ. ಹಾಲಿನಲ್ಲಿ, ಉಪ್ಪಿನಲ್ಲಿ ಕಲಸಿ ಹಾಕಿದರೂ ಎಣ್ಣೆ ಬೇರೆಯಾಗಿ ಮೇಲೆ ಬರುತ್ತದೆ. ಹೂವೇ ಬೇಕೆನ್ನುವವರಿಗೆ ಜರ್ಮನಿಯ ಕ್ಯಾಮೊಮೈಲ್ ಸ್ನಾನ ಇದಕ್ಕಿಂತ ವಾಸಿ: ಒಣ ಹೂವು ಐವತ್ತು ಗ್ರಾಮಿಗೆ ಹತ್ತು ಲೀಟರ್ ನೀರು ಅಲ್ಲಿನ ಅಧಿಕೃತ ಪ್ರಮಾಣ, ಗುದ ಮತ್ತು ಜನನಾಂಗದ ಹೊರಗಿನ ಉರಿಯೂತಕ್ಕೆ. ಹೂವನ್ನು ಒಂದು ಲೀಟರ್ ಕುದಿಯುವ ನೀರಿನಲ್ಲಿ ಕಾಲು ಗಂಟೆ ಮುಚ್ಚಿಟ್ಟು, ಎರಡು ಪದರ ಬಟ್ಟೆಯಲ್ಲಿ ಸೋಸಿ, ಮಿಕ್ಕ ನೀರಿಗೆ ಸೇರಿಸಿ. ಕ್ಯಾಮೊಮೈಲ್ ಸೇವಂತಿಗೆಯ ಕುಟುಂಬದ್ದು, ಪಾರ್ಥೇನಿಯಂ ಕೂಡ ಅದೇ ಕುಟುಂಬ. ಪಾರ್ಥೇನಿಯಂ ಅಥವಾ ಸೇವಂತಿಗೆ ಮುಟ್ಟಿದರೆ ತುರಿಸುವವರು, ನಮ್ಮಲ್ಲಿ ಅಂಥವರು ಕಡಿಮೆಯೇನಿಲ್ಲ, ಇದರ ಹತ್ತಿರ ಹೋಗಬೇಡಿ.

ಸಾರತೈಲಕ್ಕೆ ನ್ಯಾಯವಾದ ಜಾಗ ಯಾವುದು ಅಂದರೆ ಮುಟ್ಟಿನ ನೋವಿಗೆ ಹೊಟ್ಟೆಯ ಮೇಲೆ. ಕೊರಿಯಾದಲ್ಲಿ 67 ಕಾಲೇಜು ವಿದ್ಯಾರ್ಥಿನಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಐದು ಮಿಲಿಲೀಟರ್ ಬಾದಾಮಿ ಎಣ್ಣೆಗೆ ಲ್ಯಾವೆಂಡರ್ ಎರಡು ಹನಿ, ಕ್ಲೇರಿ ಸೇಜ್ ಎಂಬ ಮೂಲಿಕೆಯ ಸಾರ ಒಂದು, ಗುಲಾಬಿ ಒಂದು ಬೆರೆಸಿ ಕಿಬ್ಬೊಟ್ಟೆ ತಿಕ್ಕಿದರು. ನೋವು ಕಡಿಮೆಯಾಯಿತು. ಅಲ್ಲಿ ಬಳಸಿದ ಪ್ರಮಾಣ ಕಟುವೇ ಸರಿ, ಮನೆಯಲ್ಲಿ ಅದರ ಕಾಲು ಪಾಲಿನಿಂದ ಶುರುಮಾಡಿ. ಲೆಕ್ಕ ಹೀಗೆ: ಒಂದು ಮಿಲಿಲೀಟರಿಗೆ ಸುಮಾರು ಇಪ್ಪತ್ತು ಹನಿ. ಮೂವತ್ತು ಮಿಲಿಲೀಟರ್ ಎಳ್ಳೆಣ್ಣೆಗೋ ಕೊಬ್ಬರಿ ಎಣ್ಣೆಗೋ ಆರು ಹನಿ ಹಾಕಿದರೆ ಶೇಕಡಾ ಒಂದು. ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಹೊಕ್ಕುಳಿನ ಕೆಳಗೆ, ಸೊಂಟದ ಹಿಂದೆ, ಗಡಿಯಾರದ ದಿಕ್ಕಿನಲ್ಲಿ ಹದಿನೈದು ನಿಮಿಷ ತಿಕ್ಕಿ, ಕೈ ಸೋಪಿನಲ್ಲಿ ತೊಳೆಯುವ ತನಕ ಕೆಳಗೆ ಮುಟ್ಟಬೇಡಿ. ಗರ್ಭಿಣಿಯರು ಕ್ಲೇರಿ ಸೇಜ್ ಬಿಡುವುದು ರೂಢಿ, ಬಿಡಿ. ಯಾವ ಎಣ್ಣೆಯಾದರೂ ಲ್ಯಾಟೆಕ್ಸ್ ಕಾಂಡೋಮನ್ನು ನಿಮಿಷಗಳಲ್ಲಿ ದುರ್ಬಲ ಮಾಡುತ್ತದೆ ಎಂಬುದನ್ನೂ ಈ ಎಣ್ಣೆಗಳನ್ನು ಮಾರುವವರು ಹೇಳುವುದಿಲ್ಲ.

ಇನ್ನು ಬಿಳಿ ಸೆರಗು. ತಿಂಗಳ ನಡುವೆ ಬರುವ ತಿಳಿಯಾದ, ವಾಸನೆ ಇಲ್ಲದ ಸ್ರಾವ ರೋಗವಲ್ಲ, ಅದಕ್ಕೆ ಔಷಧವೇ ಬೇಡ. ಒಡೆದ ಮೊಸರಿನಂತೆ ಗಟ್ಟಿಯಾಗಿ, ತುರಿಕೆಯ ಜೊತೆ ಬಂದರೆ ಶಿಲೀಂಧ್ರ. ಬೂದುಬಣ್ಣಕ್ಕಿದ್ದು ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್. ಹಸಿರು-ಹಳದಿ, ನೊರೆನೊರೆಯಾದರೆ ಟ್ರೈಕೊಮೊನಾಸ್ ಎಂಬ ಪರಜೀವಿ, ಆಗ ಗಂಡನಿಗೂ ಔಷಧ ಆಗಬೇಕು, ಇಲ್ಲದಿದ್ದರೆ ಮರುಕಳಿಸುತ್ತದೆ. ಮೂರಕ್ಕೂ ಮದ್ದಿದೆ, ಪರಿಮಳ ಮೂರನ್ನೂ ಮುಚ್ಚಿಡುತ್ತದೆ ಅಷ್ಟೆ. ಜಿಲ್ಲಾಸ್ಪತ್ರೆಗಳಲ್ಲಿ ಜನನಾಂಗದ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್ಕಿನಲ್ಲಿ ಇದಕ್ಕೆಂದೇ ಹಸಿರು ಬಣ್ಣದ ಕಿಟ್ ಉಚಿತವಾಗಿ ಸಿಗುತ್ತದೆ: ಸೆಕ್ನಿಡಾಜೋಲ್ 2 ಗ್ರಾಂ, ಫ್ಲುಕೊನಜೋಲ್ 150 ಮಿಲಿಗ್ರಾಂ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ, ಫ್ಲುಕೊನಜೋಲ್ ಬದಲು ಒಳಗಿಡುವ ಕ್ಲೋಟ್ರಿಮಜೋಲ್ ಕೊಡುತ್ತಾರೆ. ಕಿಬ್ಬೊಟ್ಟೆ ನೋವಿನ ಜೊತೆ ಜ್ವರ, ಸಂಭೋಗದ ನಂತರ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಚುಕ್ಕೆಯಷ್ಟೇ ಆದರೂ ರಕ್ತ, ಇವು ಮೂರಕ್ಕೂ ಯಾವ ಎಣ್ಣೆಯನ್ನೂ ಮುಟ್ಟದೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಬೇಕು.

ಈಗಾಗಲೇ ಸಾರ ಹಚ್ಚಿಕೊಂಡು ಉರಿಯುತ್ತಿದ್ದರೆ ಏನು ಮಾಡಬೇಕು? ಬರೀ ನೀರು ಮೊದಲು ಬೇಡ, ನೀರು ಸಾರವನ್ನು ಎತ್ತಿಕೊಳ್ಳದೆ ಹರಡುತ್ತದೆ. ಹೊರಭಾಗವಾದರೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಎರಡು-ಮೂರು ಸಲ ಒರೆಸಿ, ಪ್ರತಿ ಸಲವೂ ಬಟ್ಟೆ ಬದಲಿಸಿ, ಆಮೇಲೆ ಉಗುರುಬೆಚ್ಚಗಿನ ನೀರು ಹಾಯಿಸಿ. ಸೋಪು, ಐಸು, ಸುಣ್ಣ, ಟೂತ್‌ಪೇಸ್ಟ್ ಯಾವುದೂ ಬೇಡ. ಸಡಿಲ ಹತ್ತಿ ಬಟ್ಟೆ ಉಡಿ. ಅರ್ಧ ಗಂಟೆಯಲ್ಲಿ ಉರಿ ಇಳಿಯದಿದ್ದರೆ, ಬೊಬ್ಬೆ ಎದ್ದರೆ, ಮೂತ್ರ ಮಾಡಲು ಆಗದಿದ್ದರೆ, ಅಥವಾ ಸಾರ ಒಳಗೆ ಹೋಗಿದ್ದರೆ ಆಸ್ಪತ್ರೆಗೆ ಹೊರಡಿ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಒಳಗೇನಿದೆ ಅಂತ ಡಾಕ್ಟರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಆ ಲೇಬಲ್ಲಿನಲ್ಲೇ ಇರುತ್ತದೆ.